ಒಂದು ಹಳ್ಳ, ಎರಡು ಪಿನ್‌ಕೋಡ್

ಮೊಡ್ಲರಾಯ್ಟ್‌ನಲ್ಲಿ ಈಗ ಐವತ್ತು ಜನ ಇದ್ದರೆ ಹೆಚ್ಚು. ಜರ್ಮನಿಯ ಬವೇರಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಹೋಫ್ ಅಂತ ಒಂದು ಪಟ್ಟಣ ಇದೆ. ಅಲ್ಲಿಂದ ಸ್ವಲ್ಪ ದೂರ, ಹೊಲಗದ್ದೆಗಳ ಮಧ್ಯೆ ಕೆಲವು ಮನೆ, ಕೆಲವು ಕೊಟ್ಟಿಗೆ, ಅಷ್ಟೇ ಊರು. ನಮ್ಮ ಕಂದಾಯ ಇಲಾಖೆಯವರಾದರೆ ಇದನ್ನು ಗ್ರಾಮ ಅಂತಲೂ ಬರೆದುಕೊಳ್ಳುವುದಿಲ್ಲ. ಪಕ್ಕದೂರಿನ ಮಜರೆ ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ.

ಜರ್ಮನಿಯವರು ಮಾಡಿರುವುದೂ ಅದನ್ನೇ. ಆದರೆ ಎರಡು ಸಲ ಮಾಡಿದ್ದಾರೆ. ಅರ್ಧ ಊರು ಟೋಪೆನ್ ಅನ್ನೋ ಪಂಚಾಯ್ತಿಗೆ ಸೇರಿದ ಮಜರೆ. ಇನ್ನರ್ಧ ಗೆಫೆಲ್ ಅನ್ನೋ ಪೇಟೆಗೆ ಸೇರಿದ ಮಜರೆ. ಟೋಪೆನ್ ಇರುವುದು ಬವೇರಿಯಾದಲ್ಲಿ, ಗೆಫೆಲ್ ಇರುವುದು ಥುರಿಂಗಿಯಾ ರಾಜ್ಯದಲ್ಲಿ. ನಡುವೆ ಟಾನ್‌ಬಾಖ್ ಅನ್ನೋ ಹಳ್ಳ ಹರಿಯುತ್ತದೆ. ಹಳ್ಳ ಅಂದರೆ ದೊಡ್ಡದೇನೂ ಅಲ್ಲ. ಪಂಚೆ ಎತ್ತಿಕಟ್ಟುವ ಅಗತ್ಯವೇ ಇಲ್ಲ, ಸ್ವಲ್ಪ ಉದ್ದ ಕಾಲು ಹಾಕಿದರೆ ದಾಟಿಯಾಯಿತು.

ಈ ಹಳ್ಳದ ಪಕ್ಕದಲ್ಲಿ ಒಂದು ಕಾಲಕ್ಕೆ 700 ಮೀಟರ್ ಉದ್ದದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ನಿಂತಿತ್ತು. ಆಗ ಇಲ್ಲಿ ಕಾವಲಿಗಿದ್ದ ಅಮೆರಿಕದ ಸೈನಿಕರು ಊರನ್ನು ‘ಲಿಟಲ್ ಬರ್ಲಿನ್’ ಅಂತ ಕರೆದರು. ಆ ಹೆಸರೇ ನಿಂತಿತು. ಪ್ರವಾಸಿ ಪುಸ್ತಿಕೆಗಳಲ್ಲಿ, ಟಿವಿಯಲ್ಲಿ ಎಲ್ಲ ಕಡೆ ಹಾಗೇ ಹೇಳುತ್ತಾರೆ. ನನಗೆ ಮಾತ್ರ ಆ ಹೆಸರು ಅಷ್ಟು ಸರಿ ಅನ್ನಿಸುವುದಿಲ್ಲ. ಬರ್ಲಿನ್ ನಗರ ಯುದ್ಧ ಮುಗಿದ ಮೇಲೆ ಗೆದ್ದವರು ಹಂಚಿಕೊಂಡಿದ್ದು. ಅಲ್ಲಿ ಗೆರೆ ಎಳೆದದ್ದೂ ಅವರೇ, ಆಮೇಲೆ ಅಳಿಸಿದ ಮೇಲೆ ಊರು ಒಂದಾಯಿತು. ಮೊಡ್ಲರಾಯ್ಟ್ ಕತೆ ಹಾಗಲ್ಲ. ಇಲ್ಲಿ ಗೆರೆ ಮೊದಲಿನಿಂದಲೂ ಇತ್ತು. ಈಗಲೂ ಇದೆ. ನಡುವೆ ಒಂದು ನಲವತ್ತು ವರ್ಷ ಮಾತ್ರ ಅದಕ್ಕೆ ಹುಚ್ಚು ಹಿಡಿದಿತ್ತು.

ಈ ಗೆರೆಯ ಹುಟ್ಟು ತೀರಾ ಸಪ್ಪೆ. ಹದಿನಾರನೇ ಶತಮಾನದಷ್ಟು ಹಿಂದೆಯೇ ಹಳ್ಳದ ಈ ಕಡೆ ಒಬ್ಬ ದೊರೆ, ಆ ಕಡೆ ಇನ್ನೊಬ್ಬ ದೊರೆ. ಈಚೆ ದಡ ಬೈರಾಯ್ಟ್‌ನ ಸಂಸ್ಥಾನಕ್ಕೆ ಸೇರಿದ್ದು, ಆಚೆ ದಡ ರಾಯ್ಸ್ ಅನ್ನೋ ಮನೆತನಕ್ಕೆ. ಆಗಿನ ಜರ್ಮನಿ ಅಂದರೆ ಒಂದು ದೇಶ ಅಲ್ಲ, ನೂರಾರು ಪುಟ್ಟ ಸಂಸ್ಥಾನಗಳ ಗುಂಪು. ಒಂದು ಊರಿನ ಅರ್ಧ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ ಕಂದಾಯ ಕಟ್ಟುವುದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ರಾಯ್ಸ್ ಮನೆತನದ ಬಗ್ಗೆ ಒಂದು ಮಾತು ಹೇಳದೇ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್ರಿಖ್. ಅಣ್ಣನೂ ಹೈನ್ರಿಖ್, ತಮ್ಮನೂ ಹೈನ್ರಿಖ್, ಚಿಕ್ಕಪ್ಪನ ಮಗನೂ ಹೈನ್ರಿಖ್. ಗುರುತಿಗೆ ನಂಬರ್. ಮನೆತನದ ಹಿರಿಯ ಕವಲಿನವರು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವುದು ಅಂತ ಇಟ್ಟುಕೊಂಡಿದ್ದರು. ಕಿರಿಯ ಕವಲಿನವರು ಶತಮಾನ ಬದಲಾದಾಗ ಹೊಸದಾಗಿ ಎಣಿಸುತ್ತಿದ್ದರು. ಇಂಥ ದೊರೆಗಳ ಜಮೀನಿನ ಅಂಚು ಮುಂದೆ ಎರಡು ಮಹಾಶಕ್ತಿಗಳ ಮಧ್ಯದ ಗಡಿಯಾಗುತ್ತದೆ ಅಂತ ಯಾವ ನಂಬರಿನ ಹೈನ್ರಿಖ್‌ಗೆ ತಾನೇ ಹೊಳೆದೀತು?

1810ರಲ್ಲಿ ಗೆರೆಗೆ ಕಲ್ಲು ಬಂತು. ಅದರ ಹಿಂದೆ ಇದ್ದವನು ನೆಪೋಲಿಯನ್. ಆಗಿನ ದೊಡ್ಡ ಜರ್ಮನ್ ರಾಜ್ಯವಾದ ಪ್ರಷ್ಯಾವನ್ನು ಸೋಲಿಸಿ, ಅದರ ಕೈಯಲ್ಲಿದ್ದ ಬೈರಾಯ್ಟ್ ಸಂಸ್ಥಾನವನ್ನು ಕಿತ್ತುಕೊಂಡಿದ್ದ ಅವನು, ಅದನ್ನು ಆ ವರ್ಷ ಬವೇರಿಯಾ ರಾಜನಿಗೆ 15 ಮಿಲಿಯನ್ ಫ್ರಾಂಕ್‌ಗೆ ಮಾರಿದ. ಹೊಸ ಜಮೀನು ಕೊಂಡವರು ಏನು ಮಾಡುತ್ತಾರೆ? ಅಳತೆ ಮಾಡಿಸಿ ಕಲ್ಲು ನೆಡಿಸುತ್ತಾರೆ. ಬವೇರಿಯಾದವರೂ ಟಾನ್‌ಬಾಖ್ ಉದ್ದಕ್ಕೂ ಕಲ್ಲು ನೆಡಿಸಿದರು. ಒಂದು ಮುಖದಲ್ಲಿ ‘ಕೆ.ಬಿ.’, ಅಂದರೆ ಬವೇರಿಯಾ ರಾಜ್ಯ. ಇನ್ನೊಂದು ಮುಖದಲ್ಲಿ ‘ಎಫ್.ಆರ್.’, ಅಂದರೆ ರಾಯ್ಸ್ ಸಂಸ್ಥಾನ.

ಆ ಕಲ್ಲುಗಳನ್ನು ಈಗಲೂ ನೋಡಬಹುದು. ನಾನು ಇರುವುದು ನ್ಯೂರೆಂಬರ್ಗ್‌ನಲ್ಲಿ. ಅಲ್ಲಿಂದ ಎ9 ಹೆದ್ದಾರಿ ಹಿಡಿದರೆ ಮೊಡ್ಲರಾಯ್ಟ್‌ಗೆ ಸುಮಾರು ಒಂದೂವರೆ ಗಂಟೆ ದಾರಿ. ಊರಿಂದ ಬಂದ ನೆಂಟರು ಕೋಟೆ ತೋರಿಸು, ಬಿಎಂಡಬ್ಲ್ಯೂ ಮ್ಯೂಸಿಯಂ ತೋರಿಸು ಅಂದರೆ ನಾನು ಅದನ್ನೆಲ್ಲ ಮುಗಿಸಿ ಇಲ್ಲಿಗೂ ಕರೆದುಕೊಂಡು ಬರುತ್ತೇನೆ. ಜಾಸ್ತಿ ಜನ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಟೀ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ನನ್ನ ಚಿಕ್ಕಪ್ಪ ಮಾತ್ರ ಹಾಗೆ ಮಾಡಲಿಲ್ಲ.

ಚಿಕ್ಕಪ್ಪ ಸರ್ವೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು. ಜೀವನವಿಡೀ ಚೈನು ಎಳೆಸಿ, ಅಣ್ಣತಮ್ಮಂದಿರ ಜಗಳದ ಮಧ್ಯೆ ನಿಂತು ಬೈಸಿಕೊಂಡವರು. ಅವರು ಗೋಡೆಯನ್ನು ಒಂದು ಸಲ ನೋಡಿ ಬಿಟ್ಟರು. ಕಲ್ಲು ಕಂಡ ಕೂಡಲೇ ಮಂಡಿ ಊರಿ ಕೂತರು. ಮೇಲಿನ ಪಾಚಿಯನ್ನು ಹೆಬ್ಬೆರಳಿನಲ್ಲಿ ಒರೆಸಿದರು. ಅಕ್ಷರ ಯಾವ ಕಡೆಗೆ ಮುಖ ಮಾಡಿದೆ ಅಂತ ಹಳ್ಳದ ಕಡೆ ಒಂದು ಸಲ, ಮನೆಗಳ ಕಡೆ ಒಂದು ಸಲ ತಿರುಗಿ ನೋಡಿದರು.

“ಬಾಂದುಕಲ್ಲು ಕಣೋ ಇದು,” ಅಂದರು. “ಅವರವರ ಗುರುತು ಅವರವರ ಕಡೆಗೇ ಇದೆ. ನೀಟಾಗಿ ಮಾಡಿದಾರೆ.”

“ಇದೇ ಕಲ್ಲಿನ ಗೆರೆ ಮೇಲೇ ಆಮೇಲೆ ಗೋಡೆ ಬಂದಿದ್ದು ಚಿಕ್ಕಪ್ಪ,” ಅಂದೆ.

“ಅದಕ್ಕೆ ಈ ಕಲ್ಲು ನೆಟ್ಟೋನೇನು ಮಾಡ್ತಾನಪ್ಪ? ಕಂದಾಯ ಯಾರಿಗೆ ಅಂತ ಗೊತ್ತಾಗ್ಲಿ ಅಂತ ನೆಟ್ಟಿರ್ತಾನೆ. ಯಾರ್ ಮೇಲೂ ದ್ವೇಷ ಇಟ್ಕೊಂಡ್ ನೆಟ್ಟಿರಲ್ಲ.”

ಆ ಮಾತು ಸರಿಯಾಗಿಯೇ ಇತ್ತು. ಕಲ್ಲು ನೆಟ್ಟ ಮೇಲೂ ನೂರಕ್ಕೂ ಜಾಸ್ತಿ ವರ್ಷ ಅದರಿಂದ ಯಾರಿಗೂ ಏನೂ ತೊಂದರೆ ಆಗಲಿಲ್ಲ. ಊರಿನ ಶಾಲೆ ಥುರಿಂಗಿಯಾ ಕಡೆಗಿತ್ತು. ಹೆಂಡದಂಗಡಿಯೂ ಅದೇ ಕಡೆ. ಹಾಗಾಗಿ ಬವೇರಿಯಾ ಕಡೆಯ ಮಕ್ಕಳು ಬೆಳಗ್ಗೆ ಹಳ್ಳ ದಾಟಿ ಪಾಠಕ್ಕೆ ಹೋಗುತ್ತಿದ್ದರು, ಅವರ ಅಪ್ಪಂದಿರು ಸಂಜೆ ಹಳ್ಳ ದಾಟಿ ಬಿಯರಿಗೆ ಹೋಗುತ್ತಿದ್ದರು. ಭಾನುವಾರ ಚರ್ಚಿಗೆ ಮಾತ್ರ ಎಲ್ಲರೂ ಉಲ್ಟಾ ದಿಕ್ಕಿಗೆ, ಬವೇರಿಯಾದ ಟೋಪೆನ್‌ಗೆ. ಆ ಕಡೆ ಹುಡುಗಿಯನ್ನು ಈ ಕಡೆಗೆ ಮದುವೆ ಮಾಡಿ ಕೊಡುವುದು, ಆ ಕಡೆ ಹೊಲವನ್ನು ಈ ಕಡೆಯವರು ಉಳುವುದು ಎಲ್ಲ ನಡೆದೇ ಇತ್ತು. ಹೊಂದಿಕೊಂಡು ಬಾಳುವ ಅಣ್ಣತಮ್ಮಂದಿರ ಹೊಲದ ನಡುವಿನ ಬದು ಇದ್ದ ಹಾಗೆ. ಬದು ಇದೆ ಅಂತ ಎಲ್ಲರಿಗೂ ಗೊತ್ತು, ಅದರ ಮೇಲೇ ನಡೆದಾಡುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ರಾಜರೆಲ್ಲ ಪಟ್ಟ ಬಿಟ್ಟರು. ಹೈನ್ರಿಖ್‌ಗಳ ಆಳ್ವಿಕೆಯೂ ಮುಗಿಯಿತು. 1920ರಲ್ಲಿ ಅಕ್ಕಪಕ್ಕದ ಸಣ್ಣ ಸಂಸ್ಥಾನಗಳೆಲ್ಲ ಸೇರಿ ಥುರಿಂಗಿಯಾ ರಾಜ್ಯ ಆಯಿತು. ಕಲ್ಲಿನ ಆಚೆ ಈಚೆ ಹೆಸರು ಬದಲಾದವು, ಕಲ್ಲು ಬದಲಾಗಲಿಲ್ಲ.

ಇದೇ ಹೊತ್ತಿನಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರದ ಕೋಬುರ್ಗ್‌ನಲ್ಲಿ ನಡೆದದ್ದನ್ನು ನೋಡಬೇಕು. ಕೋಬುರ್ಗ್ ಕೂಡ ಇಂಥದ್ದೇ ಒಂದು ಸಣ್ಣ ಸಂಸ್ಥಾನ. ಥುರಿಂಗಿಯಾ ಸೇರೋಣವೇ ಬೇಡವೇ ಅಂತ 1919ರ ನವೆಂಬರ್ 30ರಂದು ಅಲ್ಲಿನ ಜನರನ್ನೇ ಕೇಳಿದರು. ನೂರಕ್ಕೆ 88 ಜನ ಬೇಡ ಅಂದರು. ಹಾಗಾಗಿ 1920ರ ಜುಲೈನಲ್ಲಿ ಕೋಬುರ್ಗ್ ಬವೇರಿಯಾ ಸೇರಿತು. ಆಗ ಜನ ಯೋಚಿಸಿದ್ದು ಹೊಟ್ಟೆಪಾಡಿನ ಬಗ್ಗೆ. ಯುದ್ಧದ ನಂತರದ ಹಸಿವಿನ ದಿನಗಳು, ಬವೇರಿಯಾ ಜೊತೆ ಇದ್ದರೆ ಊಟಕ್ಕೆ ದಾರಿ ಆಗುತ್ತದೆ ಅನ್ನೋದೇ ದೊಡ್ಡ ಲೆಕ್ಕ. 25 ವರ್ಷ ಆದ ಮೇಲೆ ಆ ವೋಟೇ ಕೋಬುರ್ಗ್ ಅಮೆರಿಕದವರ ಕೈಗೆ ಹೋಗುವ ಹಾಗೆ ಮಾಡಿತು. ಮೊಡ್ಲರಾಯ್ಟ್‌ನ ಆಚೆ ದಡದವರನ್ನು ಯಾರೂ ಏನೂ ಕೇಳಿರಲಿಲ್ಲ.

1944ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಅಮೆರಿಕ, ಬ್ರಿಟನ್, ಸೋವಿಯತ್ ಪ್ರತಿನಿಧಿಗಳು ಲಂಡನ್ನಿನಲ್ಲಿ ಕೂತು ಸೋಲಲಿರುವ ಜರ್ಮನಿಯನ್ನು ಹಂಚುವ ಒಪ್ಪಂದ ಮಾಡಿದರು. ಹೊಸ ಗೆರೆ ಎಳೆಯುವ ಗೋಜಿಗೆ ಹೋಗದೆ ಹಳೆಯ ರಾಜ್ಯಗಳ, ಪ್ರಾಂತ್ಯಗಳ ಗಡಿಯನ್ನೇ ಹಿಡಿದರು. ನಕ್ಷೆ ಮುಂದಿಟ್ಟುಕೊಂಡು ಕೆಲಸ ಮಾಡುವವರು ಇನ್ನೇನು ಮಾಡಿಯಾರು? ಥುರಿಂಗಿಯಾ ಸೋವಿಯತ್ ಪಾಲಿಗೆ, ಬವೇರಿಯಾ ಮುಂದೆ ಅಮೆರಿಕದ ಪಾಲಿಗೆ. ಆ ದೊಡ್ಡ ನಕ್ಷೆಯಲ್ಲಿ ಟಾನ್‌ಬಾಖ್ ಕಾಣಿಸಿದ್ದಿರಲಾರದು. ಗೆರೆ ಒಂದು ಹಳ್ಳಿಯ ನಡುಮಧ್ಯೆ ಹೋಗುತ್ತದೆ ಅಂತ ತಲೆ ಕೆಡಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು?

1945ರ ಏಪ್ರಿಲ್‌ನಲ್ಲಿ ಈ ಸೀಮೆಗೆ ಮೊದಲು ಬಂದವರು ಅಮೆರಿಕದ ಸೈನಿಕರು. ಅವರು ಥುರಿಂಗಿಯಾವನ್ನೂ ಹಿಡಿದಿದ್ದರು. ಜುಲೈ ಮೊದಲ ವಾರ ಒಪ್ಪಂದದ ಪ್ರಕಾರ ಅಲ್ಲಿಂದ ಹಿಂದೆ ಸರಿದರು, ಬದಲಿಗೆ ಬರ್ಲಿನ್‌ನಲ್ಲಿ ತಮ್ಮ ಪಾಲಿನ ಜಾಗಕ್ಕೆ ಹೋದರು. ಅವರ ಹಿಂದೆಯೇ ಸೋವಿಯತ್ ಸೈನ್ಯ ಬಂತು. ಬಂದವರು ಸ್ವಲ್ಪ ಕಾಲ ಹಳ್ಳ ದಾಟಿ ಬವೇರಿಯಾ ಕಡೆಯ ಮೊಡ್ಲರಾಯ್ಟ್‌ನಲ್ಲೂ ಕೂತಿದ್ದರು. 1946ರಲ್ಲಿ ಎದ್ದು ಹೋದರು.

ಆಮೇಲೂ ಕೆಲ ವರ್ಷ ಬದುಕು ಹೇಗೋ ನಡೆಯಿತು. ಪಾಸ್ ಇಟ್ಟುಕೊಂಡು ಹಳ್ಳ ದಾಟಬಹುದಿತ್ತು. 1949ರಲ್ಲಿ ಎರಡು ಜರ್ಮನಿಗಳು ಹುಟ್ಟಿದವು, ಸೋವಿಯತ್ ಪಾಲಿನಲ್ಲಿ ಪೂರ್ವ ಜರ್ಮನಿ, ಉಳಿದ ಪಾಲಿನಲ್ಲಿ ಪಶ್ಚಿಮ ಜರ್ಮನಿ. ಕಾಗದದ ಮೇಲೆ ಊರಿನ ಎರಡು ಅರ್ಧ ಎರಡು ದೇಶ ಆದವು. ಆದರೂ ಕಾಗದಕ್ಕೂ ಕಾಲಿಗೂ ನಡುವೆ ಇನ್ನೂ ಸ್ವಲ್ಪ ಜಾಗ ಉಳಿದಿತ್ತು.

ಆ ಜಾಗ ಮುಗಿದದ್ದು 1952ರ ಮೇ 26ಕ್ಕೆ. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್‌ನಲ್ಲಿ. ಬರ್ಲಿನ್‌ನವರು ಇನ್ನೂ ಮೆಟ್ರೋ ರೈಲಿನಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದಾಗಲೇ ಈ ಹಳ್ಳಿಯ ಬಾಗಿಲು ಮುಚ್ಚಿ ಒಂಬತ್ತು ವರ್ಷ ಆಗಿತ್ತು. ಲಿಟಲ್ ಬರ್ಲಿನ್ ಅನ್ನೋದು ನನಗೆ ಒಪ್ಪಿಗೆಯಾಗದೇ ಇರುವುದಕ್ಕೆ ಇದೂ ಒಂದು ಕಾರಣ.

ಆ ದಿನ ಪೂರ್ವ ಜರ್ಮನಿ ಸರ್ಕಾರ ಗಡಿಯುದ್ದಕ್ಕೂ ಮೂರು ಪಟ್ಟಿ ಗುರುತಿಸಿತು. ಗಡಿಗೆ ಅಂಟಿಕೊಂಡ 10 ಮೀಟರ್ ನೆಲವನ್ನು ಉತ್ತು ಬೋಳಾಗಿ ಬಿಡುವುದು, ಯಾರಾದರೂ ಕಾಲಿಟ್ಟರೆ ಹೆಜ್ಜೆ ಗುರುತು ಕಾಣಲಿ ಅಂತ. ಅಲ್ಲಿಗೆ ಬಂದವರ ಮೇಲೆ ಗುಂಡು ಹಾರಿಸಬಹುದು. ಅದರ ಹಿಂದೆ 500 ಮೀಟರ್ ಪಟ್ಟಿ. ಅಲ್ಲಿರುವವರು ಹೊಲಕ್ಕೆ ಹೋಗುವುದಿದ್ದರೂ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು. ಜನ ಸೇರುವ ಹಾಗಿಲ್ಲ. ಅದರಾಚೆಗೆ 5 ಕಿಲೋಮೀಟರ್ ಪಟ್ಟಿ. ಹೊರಗಿನವರು ಅಲ್ಲಿಗೆ ಬರಬೇಕಾದರೆ ಪರ್ಮಿಟ್ ಬೇಕು. ಪೂರ್ವ ಮೊಡ್ಲರಾಯ್ಟ್ ಇಡೀ ಊರೇ 500 ಮೀಟರ್ ಒಳಗೆ ಬಂತು. ಅಂದರೆ ಪೂರ್ವ ಜರ್ಮನಿಯವರೇ ಆದ ಅಣ್ಣನೋ ತಂಗಿಯೋ ಮನೆಗೆ ಬರಬೇಕಾದರೂ ಮೊದಲು ಅರ್ಜಿ ಹಾಕಬೇಕು. ಹಳ್ಳದಾಚೆಯವರನ್ನು ಮಾತ್ರ ಅಲ್ಲ, ತಮ್ಮ ದೇಶದವರನ್ನೂ ಈ ಊರಿನವರು ಕಳೆದುಕೊಂಡರು. ಎಲ್ಲರೂ ಗೋಡೆಯ ಬಗ್ಗೆಯೇ ಮಾತಾಡುತ್ತಾರೆ, ಇದರ ಬಗ್ಗೆ ಮಾತು ಕಡಿಮೆ.

ಜೂನ್‌ನಲ್ಲಿ ಇನ್ನೊಂದು ಶುರುವಾಯಿತು. ಗಡಿಯಲ್ಲಿ ಇರಬಾರದವರು ಅಂತ ಸರ್ಕಾರಕ್ಕೆ ಅನ್ನಿಸಿದವರ ಪಟ್ಟಿ ತಯಾರಾಯಿತು. ರೈತರು, ಅಂಗಡಿಯವರು, ಚರ್ಚಿಗೆ ಹತ್ತಿರದವರು, ಆಚೆ ಕಡೆ ನೆಂಟರಿದ್ದವರು, ಬಾಯಿಬಿಟ್ಟು ಮಾತಾಡುವವರು, ಅಥವಾ ಸುಮ್ನೆ ಪಕ್ಕದ ಮನೆಯವರಿಗೆ ಆಗದವರು. ಕಾರ್ಯಾಚರಣೆಗೆ ಅವರೇ ಇಟ್ಟುಕೊಂಡ ಗುಟ್ಟಿನ ಹೆಸರು ‘ಕ್ರಿಮಿಕೀಟ’. ಅಧಿಕಾರಿಗಳು ಬೆಳಗಿನ ಜಾವ ಬಂದು ಬಾಗಿಲು ಬಡಿದು, ಸಾಮಾನು ಕಟ್ಟಿಕೊಳ್ಳಿ ಅನ್ನುತ್ತಿದ್ದರು. ಗೂಡ್ಸ್ ರೈಲಿಗೆ ಹತ್ತಿಸಿ ಒಳನಾಡಿಗೆ ಸಾಗಿಸುತ್ತಿದ್ದರು. ಇಡೀ ಗಡಿಯುದ್ದಕ್ಕೂ 8,000ಕ್ಕೂ ಹೆಚ್ಚು ಜನರನ್ನು ಹೀಗೆ ಎಬ್ಬಿಸಿದರು. 1961ರ ಅಕ್ಟೋಬರ್‌ನಲ್ಲಿ ಮತ್ತೊಂದು ಸುತ್ತು ಆಯಿತು. ಈ ಸಲ ಥುರಿಂಗಿಯಾದಲ್ಲಿ ಅದಕ್ಕೆ ಒಂದು ಹೂವಿನ ಹೆಸರಿಟ್ಟರು. ಹೆಸರು ಮಾತ್ರ ಸುಧಾರಿಸಿತ್ತು.

ಹಳ್ಳದ ಪಕ್ಕ ಮೊದಲು ಎದ್ದದ್ದು ಹಲಗೆ ಬೇಲಿ. ಆಳೆತ್ತರಕ್ಕಿಂತ ಮೇಲೆ. ಆಚೆ ಏನಾಗುತ್ತಿದೆ ಅಂತ ಕಾಣಬಾರದು, ಅಷ್ಟೇ ಅದರ ಉದ್ದೇಶ. ಅರವತ್ತರ ದಶಕದ ಶುರುವಿಗೆ ಮುಳ್ಳುತಂತಿ. 1966ರಲ್ಲಿ ಕಾಂಕ್ರೀಟ್ ಗೋಡೆ. ಜೊತೆಗೆ ಕಾವಲು ಗೋಪುರ, ರಾತ್ರಿಯಿಡೀ ಉರಿಯುವ ದೀಪ, ಗಸ್ತಿನ ಗಾಡಿ ಓಡಾಡಲು ತೂತುಗಳಿರುವ ಕಾಂಕ್ರೀಟ್ ಹಾಸು. ಆ ಹಾಸಿನ ತುಂಡುಗಳು ಈಗಲೂ ಇವೆ. ತೂತುಗಳಲ್ಲಿ ಹುಲ್ಲು ಬೆಳೆದಿದೆ. ನಡೆಯುವಾಗ ಸರಿಯಾಗಿ ಕಾಲಿಡದಿದ್ದರೆ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ.

ಗಡಿ ಹೋಗುತ್ತಿದ್ದದ್ದು ಸರಿಯಾಗಿ ಹಳ್ಳದಲ್ಲಿ. ಗೋಡೆ ಕಟ್ಟಿದ್ದು ಅದರಿಂದ ಸ್ವಲ್ಪ ಹಿಂದೆ, ಪೂರ್ವದ ನೆಲದಲ್ಲಿ. ಹಾಗಾಗಿ ಗೋಡೆಗೂ ಹಳ್ಳಕ್ಕೂ ಮಧ್ಯೆ ಇದ್ದ ಆ ಒಂಚೂರು ಹುಲ್ಲು ಕೂಡ ಪೂರ್ವ ಜರ್ಮನಿಯೇ. ಪಶ್ಚಿಮದ ಕಡೆ ‘ಎಚ್ಚರಿಕೆ, ಹಳ್ಳದ ಮಧ್ಯಭಾಗ ಗಡಿ’ ಅಂತ ಬೋರ್ಡ್ ಹಾಕಿದ್ದರು. ಮಕ್ಕಳ ಚೆಂಡು ಆಚೆ ದಡಕ್ಕೆ ಉರುಳಿತು ಅಂದರೆ ಅದು ಬೇರೆ ದೇಶಕ್ಕೆ ಹೋದ ಹಾಗೆ.

ಪಶ್ಚಿಮದವರು ಪೂರ್ವದವರಿಗೆ ಕೈ ಬೀಸಬಹುದಿತ್ತು. ಪೂರ್ವದವರು ತಿರುಗಿ ಕೈ ಬೀಸುವ ಹಾಗಿರಲಿಲ್ಲ, ನಮಸ್ಕಾರ ಹೇಳುವ ಹಾಗೂ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖ ಕಿಟಕಿಯಲ್ಲಿ ಕಾಣುತ್ತಿದೆ, ಕತ್ತು ಬೇರೆ ಕಡೆ ತಿರುಗಿಸಬೇಕು. ಇದಕ್ಕೆ ಕಾಂಕ್ರೀಟೂ ಬೇಕಿಲ್ಲ, ತಂತಿಯೂ ಬೇಕಿಲ್ಲ. ಗೋಡೆಗಿಂತ ಈ ಒಂದು ಕಾನೂನೇ ಜಾಸ್ತಿ ಕ್ರೂರ ಅಂತ ನನಗೆ ಅನ್ನಿಸುತ್ತದೆ.

ಎಪ್ಪತ್ತರ ದಶಕದಲ್ಲಿ ಎರಡೂ ಸರ್ಕಾರಗಳು ಸ್ವಲ್ಪ ಮೆತ್ತಗಾದವು. 1972ರ ಒಪ್ಪಂದದ ನಂತರ ಗಡಿ ಹತ್ತಿರದ ಪಶ್ಚಿಮ ಜರ್ಮನಿಯವರು ಪೂರ್ವದ ಗಡಿ ಜಿಲ್ಲೆಗಳಿಗೆ ಒಂದು ದಿನದ ಮಟ್ಟಿಗೆ ಹೋಗಿಬರಲು ಅವಕಾಶ ಸಿಕ್ಕಿತು. ಪಶ್ಚಿಮ ಮೊಡ್ಲರಾಯ್ಟ್‌ನವರು ವೀಸಾ ಮಾಡಿಸಿ, ದೂರದ ಚೆಕ್‌ಪೋಸ್ಟ್ ಸುತ್ತಿಕೊಂಡು ಆ ಜಿಲ್ಲೆಗೆ ಹೋಗಬಹುದಿತ್ತು. ಆದರೆ ಗಡಿ ಪಟ್ಟಿಯೊಳಗಿನ ಊರುಗಳಿಗೆ ಪ್ರವೇಶ ಇಲ್ಲ. ಅಂದರೆ ಜಿಲ್ಲೆಯೆಲ್ಲ ಓಡಾಡಬಹುದು, ಮನೆ ಮುಂದಿನ ಹಳ್ಳದಾಚೆಗೆ ಹೋಗುವಂತಿಲ್ಲ!

ಗೋಡೆ ಹಾರಿ ತಪ್ಪಿಸಿಕೊಂಡವರು ಇದ್ದರಾ ಅಂತ ಬಂದವರೆಲ್ಲ ಕೇಳುತ್ತಾರೆ. ಒಬ್ಬ ಇದ್ದ. 1973ರ ಮೇ ತಿಂಗಳು. ಡ್ರೈವರ್ ಆಗಿದ್ದ ಅವನಿಗೆ ಗಡಿ ಪಟ್ಟಿಯೊಳಗೆ ಬರಲು ಪರವಾನಗಿ ಇತ್ತು. ಗಾಡಿಯನ್ನು ಗೋಡೆ ಪಕ್ಕಕ್ಕೆ ತಂದ, ಏಣಿ ಹಾಕಿದ, ಆಚೆ ಧುಮುಕಿದ. ಊರಿನ ಗೋಡೆಯನ್ನು ಹಾಗೆ ದಾಟಿ ಗೆದ್ದವನು ಅವನೊಬ್ಬನೇ.

ಪಶ್ಚಿಮದ ಕಡೆ ಮಾತ್ರ ನೋಡಲು ಬರುವವರ ಸಾಲೇ ಸಾಲು. ಶಾಲೆ ಮಕ್ಕಳ ಬಸ್ಸು, ರಾಜಕಾರಣಿಗಳು, ಕ್ಯಾಮೆರಾದವರು. 1983ರ ಫೆಬ್ರವರಿ 5ರಂದು ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್, ಅಂದರೆ ದೊಡ್ಡ ಬುಷ್, ಪಶ್ಚಿಮ ಜರ್ಮನಿಯ ರಕ್ಷಣಾ ಮಂತ್ರಿ ಮಾನ್‌ಫ್ರೆಡ್ ವ್ಯೋರ್ನರ್ ಜೊತೆ ಬಂದರು. ಹಿಂದೆ ಅಧ್ಯಕ್ಷ ಕೆನಡಿ ಬರ್ಲಿನ್‌ನಲ್ಲಿ ‘ನಾನೂ ಬರ್ಲಿನ್‌ನವನು’ ಅಂದ ಧಾಟಿಯಲ್ಲಿ, ಜರ್ಮನ್ ಭಾಷೆಯಲ್ಲೇ, ತಾನೂ ಮೊಡ್ಲರಾಯ್ಟ್‌ನವನು ಅಂತ ಹೇಳಿ ಹೋದರು. ಪೂರ್ವದ ಕಡೆಯವರು ಇದನ್ನೆಲ್ಲ ಪರದೆ ಸಂದಿಯಿಂದ ನೋಡಿದರೋ ಇಲ್ಲವೋ. ನೋಡಿದ್ದರೂ ಅವರ ಪಾಲಿಗೆ ಕೈ ಬೀಸಬಾರದವರ ಪಟ್ಟಿಗೆ ಇನ್ನೊಬ್ಬರು ಸೇರಿದರು, ಅಷ್ಟೇ.

ಇಷ್ಟಾದರೂ ಈ ಊರಿನದು ಒಂದು ಅದೃಷ್ಟ ಅಂತಲೇ ಹೇಳಬೇಕು. ಇದೇ ಥುರಿಂಗಿಯಾ ಗಡಿಯಲ್ಲಿ ಬಿಲ್‌ಮೂಟ್‌ಹೌಸೆನ್ ಅಂತ ಇನ್ನೊಂದು ಪುಟ್ಟ ಹಳ್ಳಿ ಇತ್ತು. ನೂರಾರು ವರ್ಷದ ಊರು. ಗಡಿಗೆ ತೀರಾ ಹತ್ತಿರ, ಕಾಯುವುದು ಕಷ್ಟ ಅಂತ ಜನರನ್ನು ಖಾಲಿ ಮಾಡಿಸಿದರು. 1965ರಲ್ಲಿ ಚರ್ಚ್ ಒಡೆದರು. 1978ರ ಹೊತ್ತಿಗೆ ಕೊನೆಯ ಮನೆಯನ್ನೂ ನೆಲಸಮ ಮಾಡಿದರು. ಈಗ ಅಲ್ಲಿ ಸ್ಮಶಾನ ಇದೆ, ನೆನಪಿನ ಕಲ್ಲು ಇದೆ, ಊರಿಲ್ಲ. ಗಡಿಯಲ್ಲಿ ಹೀಗೆ ಮಾಯವಾದ ಊರುಗಳು ಇನ್ನೂ ಇವೆ. ಪೂರ್ವ ಮೊಡ್ಲರಾಯ್ಟ್ ಯಾಕೆ ಉಳಿಯಿತು? ಎದುರು ದಡದಲ್ಲಿ ಅರ್ಧ ಊರು ನೋಡುತ್ತಾ ಕೂತಿರುವಾಗ, ಹಿಂದೆ ಕ್ಯಾಮೆರಾ ಹಿಡಿದವರು ನಿಂತಿರುವಾಗ, ಬುಲ್ಡೋಜರ್ ತರಲು ಯಾರಿಗಾದರೂ ಮುಜುಗರ ಆಗುತ್ತದೆ ಅನ್ನೋದು ನನ್ನ ಊಹೆ. ಹಾಗಾಗಿದ್ದರೆ ಪಶ್ಚಿಮದ ಅರ್ಧ ಏನೂ ಮಾಡದೆಯೇ ಪೂರ್ವದ ಅರ್ಧವನ್ನು ಕಾಪಾಡಿತು.

1989ರ ಸೆಪ್ಟೆಂಬರ್ ಕೊನೆಗೆ ಪ್ರಾಗ್ ನಗರದ ಪಶ್ಚಿಮ ಜರ್ಮನಿ ರಾಯಭಾರ ಕಚೇರಿಯಲ್ಲಿ ಸಾವಿರಾರು ಪೂರ್ವ ಜರ್ಮನ್ನರು ಬಂದು ತುಂಬಿಕೊಂಡಿದ್ದರು. ಅವರನ್ನು ಹೊತ್ತ ರೈಲುಗಳು ಅಕ್ಟೋಬರ್ 1ರ ಬೆಳಗ್ಗೆ ಬಂದು ನಿಂತದ್ದು ಇದೇ ಹೋಫ್ ಸ್ಟೇಷನ್ನಿನಲ್ಲಿ. ಹೋಫ್‌ನ ಜನ ಪ್ಲಾಟ್‌ಫಾರ್ಮ್‌ಗೆ ಬಂದು ಅವರನ್ನು ಬರಮಾಡಿಕೊಂಡರು. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿದ್ದ ಮೊಡ್ಲರಾಯ್ಟ್‌ನ ಗೋಡೆ ಮಾತ್ರ ಹಾಗೇ ನಿಂತಿತ್ತು.

ನವೆಂಬರ್ 9ರ ರಾತ್ರಿ ಬರ್ಲಿನ್‌ನಲ್ಲಿ ಗಡಿ ತೆರೆಯಿತು. ಇಡೀ ಜಗತ್ತು ಟಿವಿ ಮುಂದೆ ಕೂತು ನೋಡಿತು. ಮೊಡ್ಲರಾಯ್ಟ್‌ನಲ್ಲಿ ತೆರೆಯಲು ಗೇಟೇ ಇರಲಿಲ್ಲ! ಬರ್ಲಿನ್‌ನಲ್ಲಿ ಚೆಕ್‌ಪೋಸ್ಟ್‌ಗಳಿದ್ದವು, ಅಡ್ಡಗಂಬ ಎತ್ತಿದರೆ ಜನ ಹೋದರು. ಇಲ್ಲಿ ಇದ್ದದ್ದು ಬರೀ ಗೋಡೆ. ಎದುರು ಮನೆಗೆ ಹೋಗಬೇಕಾದರೆ ಹೆದ್ದಾರಿಯ ಚೆಕ್‌ಪೋಸ್ಟ್‌ಗೆ ಹೋಗಿ ಸುತ್ತಿಕೊಂಡು ಬರಬೇಕು. ಸರಿಯಾಗಿ ಒಂದು ತಿಂಗಳು ಕಳೆದು, ಡಿಸೆಂಬರ್ 9ರಂದು ಗೋಡೆಯಲ್ಲಿ ನಡೆದು ಹೋಗುವಷ್ಟು ದಾರಿ ಮಾಡಿದರು. 37 ವರ್ಷದ ಮೇಲೆ ಜನ ಹಳ್ಳ ದಾಟಿದರು.

ಅದೇ ಡಿಸೆಂಬರ್ 9ರಂದು ಹೋಫ್‌ನಲ್ಲಿ ಇನ್ನೊಂದು ಸಭೆ ನಡೆಯುತ್ತಿತ್ತು. ಎರಡೂ ಜರ್ಮನಿಗಳ ಪರಿಸರದವರು ಮೊದಲ ಸಲ ಒಟ್ಟಿಗೆ ಸೇರಿದ್ದರು. ಕೈ ಫ್ರೋಬೆಲ್ ಅನ್ನೋ ಪರಿಸರ ತಜ್ಞ ಹುಡುಗನಾಗಿದ್ದಾಗಿನಿಂದ ಕೋಬುರ್ಗ್ ಸುತ್ತಮುತ್ತ ಗಡಿಯ ಹಕ್ಕಿಗಳನ್ನು ಗಮನಿಸುತ್ತಾ ಬಂದಿದ್ದ. ಬೇರೆಲ್ಲ ಕಡೆ ಕಡಿಮೆಯಾದ ಒಂದು ಬಗೆಯ ಪುಟ್ಟ ಹುಲ್ಲುಗಾವಲ ಹಕ್ಕಿ ಈ ಗಡಿ ಪಟ್ಟಿಯಲ್ಲಿ ಮಾತ್ರ ಧಾರಾಳವಾಗಿತ್ತು. ಕಾರಣ ಸರಳ. ನಲವತ್ತು ವರ್ಷ ಆ ನೆಲಕ್ಕೆ ಟ್ರ್ಯಾಕ್ಟರೂ ಬಂದಿಲ್ಲ, ಗೊಬ್ಬರವೂ ಬಿದ್ದಿಲ್ಲ. ಗಡಿ ಹೋದರೆ ಈ ಪಟ್ಟಿಯನ್ನು ಉತ್ತುಬಿಡುತ್ತಾರೆ, ಉಳಿಸಿಕೊಳ್ಳಬೇಕು ಅಂತ ಆ ಸಭೆ ನಿರ್ಣಯ ಮಾಡಿತು. ಸುಮಾರು 1,400 ಕಿಲೋಮೀಟರ್ ಉದ್ದದ ‘ಹಸಿರು ಪಟ್ಟಿ’ಯ ಕೆಲಸ ಶುರುವಾದದ್ದು ಹಾಗೆ. ಒಂದು ಕಡೆ ಜನ ಗೋಡೆ ಒಡೆಯುತ್ತಿದ್ದರು, ಕೂಗಳತೆಯಲ್ಲಿ ಅಲ್ಲದಿದ್ದರೂ ಕಾರಿನಳತೆಯಲ್ಲಿ ಇನ್ನೊಂದಿಷ್ಟು ಜನ ಅದೇ ಗಡಿಯ ನೆಲವನ್ನು ಹಕ್ಕಿಗಳಿಗಾಗಿ ಉಳಿಸುವ ಮಾತಾಡುತ್ತಿದ್ದರು.

1990ರ ಜೂನ್ 17ರಂದು ಗೋಡೆಯನ್ನು ಜೆಸಿಬಿಯಂಥ ಯಂತ್ರ ತಂದು ಕೆಡವಿದರು. ಪೂರ್ತಿ ಅಲ್ಲ, ಒಂದಷ್ಟು ಉದ್ದ ಬಿಟ್ಟರು. ಅದನ್ನು ಇಟ್ಟುಕೊಂಡೇ ಈಗಿನ ಮ್ಯೂಸಿಯಂ ಇದೆ. ತಮ್ಮನ್ನು ಕಟ್ಟಿಹಾಕಿದ್ದ ಗೋಡೆಯ ತುಂಡನ್ನು ಮನೆ ಮುಂದೆ ಉಳಿಸಿಕೊಳ್ಳುವುದು ಸುಲಭದ ತೀರ್ಮಾನ ಅಲ್ಲ. ನಾನಾಗಿದ್ದರೆ ಒಂದು ಚೂರೂ ಬಿಡುತ್ತಿರಲಿಲ್ಲವೇನೋ.

ಈಗ ಎರಡೂ ಕಡೆ ಒಂದೇ ದೇಶ, ಒಂದೇ ದುಡ್ಡು. ಆದರೂ ಕೆ.ಬಿ.–ಎಫ್.ಆರ್. ಕಲ್ಲಿನ ಗೆರೆ ಹಾಗೇ ಇದೆ. ಪಶ್ಚಿಮದ ಅರ್ಧಕ್ಕೆ ಪಿನ್‌ಕೋಡ್ 95183, ಪೂರ್ವದ ಅರ್ಧಕ್ಕೆ 07926. ಲ್ಯಾಂಡ್‌ಲೈನ್‌ನಿಂದ ಎದುರು ಮನೆಗೆ ಫೋನ್ ಮಾಡಬೇಕಾದರೆ ಎಸ್‌ಟಿಡಿ ಕೋಡ್ ಹಾಕಬೇಕು, 09295 ಒಂದು ಕಡೆ, 036649 ಇನ್ನೊಂದು ಕಡೆ. ಕಾರಿನ ನಂಬರ್ ಪ್ಲೇಟ್ ಬೇರೆ. ಎಂಎಲ್‌ಎ ಬೇರೆ. ಈಚೆಯವರು ಎದುರು ಸಿಕ್ಕರೆ ‘ಗ್ರ್ಯೂಸ್ ಗಾಟ್’ ಅನ್ನುತ್ತಾರೆ, ಆಚೆಯವರು ‘ಗುಟೆನ್ ಟಾಗ್’.

ಇನ್ನಾದರೂ ಎರಡನ್ನೂ ಒಂದೇ ರಾಜ್ಯಕ್ಕೆ ಸೇರಿಸಬಾರದಾ ಅಂತ ನಾನು ಕರೆದುಕೊಂಡು ಹೋದವರೆಲ್ಲ ಕೇಳಿದ್ದಾರೆ. ಸೇರಿಸಬಹುದು. ಜರ್ಮನಿಯ ಸಂವಿಧಾನದ 29ನೇ ವಿಧಿಯಲ್ಲಿ ದಾರಿ ಇದೆ. 50,000ಕ್ಕಿಂತ ಹೆಚ್ಚು ಜನ ಇಲ್ಲದ ಜಾಗವಾದರೆ ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಗಡಿ ಬದಲಾಯಿಸಬಹುದು. ಐವತ್ತು ಜನರ ಊರಿಗೆ ಅದೇನು ದೊಡ್ಡ ವಿಷಯ? ಆದರೂ ಮೂವತ್ತೈದು ವರ್ಷದಿಂದ ಯಾರೂ ಮಾಡಿಲ್ಲ. ಹೊರಗಿನವರಿಗೆ ಇದು ಸೋಮಾರಿತನ ಅಂತ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. 1810ರ ಕಲ್ಲು ಯಾವತ್ತೂ ಅವರ ಶತ್ರು ಆಗಿರಲಿಲ್ಲ. ಚಿಕ್ಕಪ್ಪ ಹೇಳಿದ್ದು ಅದೇ ತಾನೇ?

ಗೆರೆ ಇರುವುದರಿಂದ ತಲೆನೋವೂ ಇದೆ, ಲಾಭವೂ ಇದೆ. ಬವೇರಿಯಾ ಕಡೆ ಮಕ್ಕಳ ಬೇಸಿಗೆ ರಜೆ ಯಾವಾಗಲೂ ತಡವಾಗಿ, ಸೆಪ್ಟೆಂಬರ್ ಮಧ್ಯದವರೆಗೆ. ಥುರಿಂಗಿಯಾ ಕಡೆ ರಜೆ ವರ್ಷ ವರ್ಷ ಬದಲಾಗುತ್ತದೆ. ಈಚೆ ಮಕ್ಕಳು ಆಟ ಆಡುತ್ತಿದ್ದರೆ ಆಚೆ ಮಕ್ಕಳು ಬ್ಯಾಗು ಹೊತ್ತು ಹೊರಟಿರುತ್ತಾರೆ. ಜನವರಿ 6 ಬವೇರಿಯಾದಲ್ಲಿ ರಜೆ, ಥುರಿಂಗಿಯಾದಲ್ಲಿ ಇಲ್ಲ. ಸೆಪ್ಟೆಂಬರ್ 20ಕ್ಕೆ 2019ರಿಂದ ಥುರಿಂಗಿಯಾದಲ್ಲಿ ಮಕ್ಕಳ ದಿನದ ರಜೆ, ಬವೇರಿಯಾದಲ್ಲಿ ಇಲ್ಲ. ಜಾಸ್ತಿ ಮಜಾ ಇರುವುದು ಅಕ್ಟೋಬರ್ ಕೊನೆಗೆ. 31ನೇ ತಾರೀಖು ಥುರಿಂಗಿಯಾದಲ್ಲಿ ಕ್ರೈಸ್ತ ಧರ್ಮಸುಧಾರಕ ಲೂಥರ್ ನೆನಪಿನ ರಜೆ, ಅಂಗಡಿಗಳೆಲ್ಲ ಬಂದ್. ಬವೇರಿಯಾದಲ್ಲಿ ತೆರೆದಿರುತ್ತವೆ. ಮಾರನೇ ದಿನ ನವೆಂಬರ್ 1, ಬವೇರಿಯಾದಲ್ಲಿ ಸಂತರ ಹಬ್ಬದ ರಜೆ, ಅಲ್ಲಿ ಅಂಗಡಿ ಬಂದ್, ಥುರಿಂಗಿಯಾದಲ್ಲಿ ತೆರೆದಿರುತ್ತವೆ. ಹಾಲು ಬ್ರೆಡ್ಡು ಮುಗಿದುಹೋಯಿತು ಅಂತ ಈ ಎರಡು ದಿನ ಮೊಡ್ಲರಾಯ್ಟ್‌ನಲ್ಲಿ ಯಾರೂ ಪೇಚಾಡಬೇಕಾಗಿಲ್ಲ. ಯಾವ ದಿನ ಯಾವ ದಿಕ್ಕಿಗೆ ಕಾರು ತಿರುಗಿಸಬೇಕು ಅಂತ ನೆನಪಿಟ್ಟುಕೊಂಡರೆ ಆಯಿತು.